ಎರಡನೇ ಸಲ ನೋಡಿದಾಗಲೂ ಹಿಡಿಸಿದ ಸಿನಿಮಾ ಯಾವುದು? ಕಾಸರಗೋಡಿನವರು ಹೇಳಿ

ಉಪ್ಪಳದವಳು
2025ರ ಜುಲೈನಿಂದ ಅಕ್ಟೋಬರ್ ತನಕ ನಮ್ಮ ಕಡೆ ಎಲ್ಲರ ಬಾಯಲ್ಲೂ ಸಿನಿಮಾದ್ದೇ ಮಾತು ಇತ್ತಲ್ಲ. ಮೊದಲು ‘ಸು ಫ್ರಮ್ ಸೋ’ ಬಂತು, ಅದರ ಹಿಂದೆಯೇ ಮಲಯಾಳಂನ ‘ಲೋಕಃ’, ಮತ್ತೆ ಗಾಂಧಿ ಜಯಂತಿಗೆ ‘ಕಾಂತಾರ ಚಾಪ್ಟರ್ 1’. ಮೂರನ್ನೂ ಥಿಯೇಟರಿನಲ್ಲಿ ನೋಡಿದ್ದೆ. ಈಗ ಮೂರನ್ನೂ ಮನೆಯಲ್ಲಿ ಟಿವಿ ಹಾಕಿ ಮತ್ತೆ ನೋಡಿದೆ. ಆಗ ಅನ್ನಿಸಿದ್ದು ಬೇರೆ, ಈಗ ಅನ್ನಿಸಿದ್ದು ಬೇರೆ. ಮನೆಯಲ್ಲಿ ಇದೇ ವಿಷಯಕ್ಕೆ ಜೋರು ಚರ್ಚೆ ಆಯಿತು, ತೀರ್ಮಾನ ಆಗಲಿಲ್ಲ. ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ‘ಕಾಂತಾರ ಚಾಪ್ಟರ್ 1’ ಥಿಯೇಟರಿನಲ್ಲಿ ಮೈ ಜುಮ್ಮೆನಿಸಿತು. ಮನೆಯಲ್ಲಿ ನೋಡುವಾಗ ಮೊದಲರ್ಧ ಉದ್ದ ಆಯಿತು, ಹಾಸ್ಯ ಒಂದೂ ಹತ್ತಲಿಲ್ಲ. ‘ಸು ಫ್ರಮ್ ಸೋ’ ಮಾತ್ರ ಎರಡನೇ ಸಲ ಇನ್ನೂ ಚೆನ್ನಾಗಿ ಕಂಡಿತು. ಮೊದಲ ಸಲ ನಗುವುದರಲ್ಲೇ ಅರ್ಧ ಮಾತು ಕೇಳಿರಲಿಲ್ಲ. ಈ ಸಲ ಹಿಂದೆ ನಿಂತವರು, ಬದಿಯಲ್ಲಿ ಕೂತವರು ಎಂತ ಮಾಡುತ್ತಾರೆ ಅಂತ ನೋಡಿದೆ. ಒಬ್ಬೊಬ್ಬರೂ ನಮ್ಮ ಊರಿನಲ್ಲಿ ಇರುವವರೇ. ಜನರನ್ನು ಸರಿಯಾಗಿ ನೋಡಿ ಬರೆದದ್ದು ಸಣ್ಣ ಪರದೆಯಲ್ಲೂ ನಿಲ್ಲುತ್ತದೆ ಅಂತ ನನ್ನ ವಾದ. ನೀವೆಂತ ಹೇಳುತ್ತೀರಿ?

ಪೆರ್ಲದವ
ಕಾಂತಾರವನ್ನು ಮೊಬೈಲಿನಲ್ಲಿ ನೋಡಿ ಮಾರ್ಕು ಹಾಕುವುದು ನ್ಯಾಯ ಅಲ್ಲ ಅಕ್ಕ.

ಉಪ್ಪಳದವಳು
ಮೊಬೈಲ್ ಅಲ್ಲ ಅಣ್ಣ, ಟಿವಿ. ದೊಡ್ಡ ಟಿವಿಯೇ.

ಪೆರ್ಲದವ
ಎಷ್ಟು ದೊಡ್ಡದಾದರೂ ಟಿವಿ ಟಿವಿಯೇ. ಆ ಸಿನಿಮಾ ಮಾಡಿದ್ದೇ ಥಿಯೇಟರಿಗೆ.

ಮುಳ್ಳೇರಿಯಾ ರಬ್ಬರ್
ಪೆರ್ಲದವರ ಮಾತಿಗೆ ನನ್ನದೂ ಒಂದು ಓಟು. ರಥದ ದೃಶ್ಯ ನೆನಪು ಮಾಡಿಕೊಳ್ಳಿ. ಪೇಟೆಯೊಳಗೆ ಆ ರಥ ನುಗ್ಗುವಾಗ ನನ್ನ ಪಕ್ಕ ಕೂತಿದ್ದ ನನ್ನ ಅಪ್ಪ ಕುರ್ಚಿಯ ಕೈ ಹಿಡಿದುಕೊಂಡಿದ್ದರು. ಅಪ್ಪ ವರ್ಷಗಟ್ಟಲೆ ಥಿಯೇಟರಿನ ಮೆಟ್ಟಿಲು ಹತ್ತಿದವರಲ್ಲ. ಅರವಿಂದ್ ಕಶ್ಯಪ್ ಕ್ಯಾಮೆರಾ, ಅಜನೀಶ್ ಲೋಕನಾಥ್ ಸಂಗೀತ, ಇವೆರಡೂ ಸೇರಿ ನಮ್ಮ ಕಾಡನ್ನು ತೋರಿಸಿದ ರೀತಿಯಲ್ಲಿ ಬೇರೆ ಯಾರೂ ತೋರಿಸಿಲ್ಲ. ನಾವು ದಿನಾ ನೋಡುವ ಕಾಡು ಮಾರಾಯ್ರೆ. ಮಳೆ ಬಂದಾಗ ಆ ಹಸಿರು ಹೇಗೆ ಕಪ್ಪಾಗುತ್ತದೆ ಅಂತ ನಮಗೆ ಗೊತ್ತು. ಪರದೆಯಲ್ಲಿ ಅದೇ ಕಪ್ಪು ಇತ್ತು.

ಹಾಸ್ಯ ಹತ್ತಲಿಲ್ಲ ಅನ್ನುವುದಕ್ಕೆ ನಾನೂ ಹೌದು ಅನ್ನುತ್ತೇನೆ. ಕದಂಬರ ಕಾಲದ ಕಥೆ ಅಂತ ಹೇಳಿ, ಮಾತು ಮಾತ್ರ ಈಗಿನ ಬಸ್ ಸ್ಟ್ಯಾಂಡಿನದ್ದು. ಅಲ್ಲಿ ಸ್ವಲ್ಪ ಜಾಗ್ರತೆ ಬೇಕಿತ್ತು. ಆದರೆ ಕೊನೆಯ ಅರ್ಧ ಗಂಟೆ ರಿಷಬ್ ಶೆಟ್ಟಿ ಮಾಡಿದ್ದನ್ನು ಎರಡನೇ ಸಲ, ಮೂರನೇ ಸಲ ನೋಡಿದರೂ ನನಗೆ ಅದೇ ಭಯ, ಅದೇ ಭಕ್ತಿ.

ಕುಂಬ್ಳೆ ಕಡಲು
ರುಕ್ಮಿಣಿ ವಸಂತ್ ಬಗ್ಗೆ ಯಾರೂ ಮಾತಾಡುವುದಿಲ್ಲ ಯಾಕೆ? ಕನಕವತಿ ಪಾತ್ರ ಎರಡನೇ ಸಲ ನೋಡುವಾಗಲೇ ಜಾಸ್ತಿ ರುಚಿ ಕೊಡುವುದು. ಇನ್ನೂ ನೋಡದವರು ಮುಂದಿನ ಸಾಲು ಓದಬೇಡಿ. ಕೊನೆಗೆ ಅವಳು ಏನು ಅಂತ ಗೊತ್ತಾದ ಮೇಲೆ, ಮೊದಲಿನಿಂದ ಅವಳ ಕಣ್ಣನ್ನೇ ಗಮನಿಸಿ. ನಾಯಕ ಬೆರ್ಮೆಯ ಜೊತೆ ನಗುವಾಗಲೂ ಆ ಕಣ್ಣು ಲೆಕ್ಕ ಹಾಕುತ್ತಾ ಇರುತ್ತದೆ. ಜಯರಾಮ್ ಕೂಡ ಹಾಗೆಯೇ. ಮಲಯಾಳಂ ಕುಟುಂಬದ ಸಿನಿಮಾಗಳಲ್ಲಿ ನೋಡಿ ನೋಡಿ ಅವರೆಂದರೆ ನಮಗೆ ಮನೆಯ ಮಾವನ ಹಾಗೆ. ಆ ನಂಬಿಕೆಯನ್ನೇ ಸಿನಿಮಾ ಬಳಸಿಕೊಂಡಿದೆ. ಬೆಂಗಳೂರಿನವರಿಗಿಂತ ನಮಗೇ ಅದು ಜಾಸ್ತಿ ತಾಗಿದ್ದು ಅಂತ ನನಗೆ ಗಟ್ಟಿ ಅನ್ನಿಸುತ್ತದೆ.

ಪೈವಳಿಕೆ ಮೇಷ್ಟ್ರು
ಸಿನಿಮಾ ಚೆನ್ನಾಗಿದೆಯೋ ಇಲ್ಲವೋ ಅನ್ನುವುದು ಒಂದು. ನನಗೆ ಇನ್ನೊಂದು ವಿಷಯ ಮನಸ್ಸಿನಲ್ಲಿ ಉಳಿದಿದೆ. ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ದೈವಕ್ಕೆ ತಂಬಿಲ, ಅಂದರೆ ಪೂಜೆ, ಆಗುತ್ತದೆ. ದೈವದ ವೇಷ ಕಟ್ಟಿ ಮಾಡುವ ಆರಾಧನೆಗೆ ಚಂದ್ರಗಿರಿ ಹೊಳೆಯ ಈಚೆ ನಾವು ಕೋಲ ಅನ್ನುತ್ತೇವೆ, ಆಚೆ ಹೋದರೆ ತೆಯ್ಯಂ. ಎರಡಕ್ಕೂ ಕಟ್ಟುವವರು ಇದ್ದಾರೆ. ಅವರಿಗೆ ಅದರದ್ದೇ ವ್ರತ ಉಂಟು, ನಿಯಮ ಉಂಟು. ಅಂಗಳದಲ್ಲಿ ದೈವ ನಿಂತಾಗ ನಾವು ಕೈಮುಗಿದು ನಿಲ್ಲುತ್ತೇವೆ, ಸಿಳ್ಳೆ ಹಾಕುವುದಿಲ್ಲ.

‘ಕಾಂತಾರ ಚಾಪ್ಟರ್ 1’ ಬಂದ ಮೇಲೆ ಕೆಲವರು ದೈವದ ವೇಷ ಹಾಕಿ ಥಿಯೇಟರಿಗೆ ಬಂದರು, ಕೂಗಿದರು. ಕೊನೆಗೆ ಸಿನಿಮಾ ಮಾಡಿದ ಹೊಂಬಾಳೆ ಸಂಸ್ಥೆಯವರೇ ಹೇಳಿಕೆ ಕೊಟ್ಟು, ದೈವವನ್ನು ಅನುಕರಣೆ ಮಾಡಬೇಡಿ, ಇದರಿಂದ ತುಳು ಜನರ ಮನಸ್ಸಿಗೆ ನೋವಾಗುತ್ತದೆ ಅಂತ ಕೇಳಿಕೊಳ್ಳಬೇಕಾಯಿತು. ಹಾಗೆ ಹೇಳಿದ್ದು ಒಳ್ಳೆಯದೇ. ಆದರೆ ಅದು ಹೇಳಿಕೆಯಿಂದ ನಿಲ್ಲುವಂಥದ್ದಾ? ದೊಡ್ಡ ಪರದೆಯಲ್ಲಿ ದೈವವನ್ನು ಅಷ್ಟು ರೋಮಾಂಚನ ಮಾಡಿ ತೋರಿಸಿದರೆ, ಅದರ ಹಿಂದಿನ ನಿಯಮ ಗೊತ್ತಿಲ್ಲದ ಹುಡುಗನಿಗೆ ಕೂಗು ಮಾತ್ರ ಕಾಣುತ್ತದೆ. ಎರಡನೇ ಸಲ ನೋಡಲು ನನಗೆ ಮನಸ್ಸು ಬರಲಿಲ್ಲ. ಸಿನಿಮಾ ಕೆಟ್ಟದ್ದು ಅಂತಲ್ಲ. ಥಿಯೇಟರಿನಲ್ಲಿ ಆ ಸಿಳ್ಳೆಗಳ ಮಧ್ಯೆ ಕೂರುವುದು ನನಗೆ ಕಷ್ಟ ಆಯಿತು.

ಮುಳ್ಳೇರಿಯಾ ರಬ್ಬರ್
ಮೇಷ್ಟ್ರೆ, ನಿಮ್ಮ ಸಂಕಟ ಅರ್ಥ ಆಗುತ್ತದೆ. ಆದರೆ ನನ್ನ ಮಗಳು ಮೊದಲ ಕಾಂತಾರ ನೋಡಿದ ಮೇಲೆಯೇ ಗುಳಿಗ ಅಂದರೆ ಯಾರು, ಪಂಜುರ್ಲಿ ಅಂದರೆ ಯಾರು ಅಂತ ಅಜ್ಜಿಯ ಹತ್ತಿರ ಕೂತು ಕೇಳಿದ್ದು. ಅದಕ್ಕೂ ಮುಂಚೆ ಕೋಲಕ್ಕೆ ಕರೆದರೆ ನಿದ್ದೆ ಬರುತ್ತದೆ ಅನ್ನುತ್ತಿದ್ದಳು. ಈಗ ಬೆಳಗಿನ ತನಕ ಕೂರುತ್ತಾಳೆ. ಇದೂ ಸಿನಿಮಾದಿಂದಲೇ ಆದದ್ದು ಅಲ್ವಾ?

ಪೈವಳಿಕೆ ಮೇಷ್ಟ್ರು
ಅಜ್ಜಿ ಇರುವ ಮನೆಯಲ್ಲಿ ಸರಿ. ಅಜ್ಜಿ ಇಲ್ಲದ ಊರಿನಲ್ಲಿ ಯಾರ ಹತ್ತಿರ ಕೇಳುವುದು?

ನೀರ್ಚಾಲಿನ ಹುಡುಗ
ದೈವದ ಚರ್ಚೆ ಬೇರೆಯೇ ಮಾಡೋಣ, ಅದು ಇಲ್ಲಿ ಮುಗಿಯುವುದಿಲ್ಲ. ನನಗೆ ‘ಸು ಫ್ರಮ್ ಸೋ’ ಬಗ್ಗೆ ಮಾತಾಡಬೇಕು. ತೂಮಿನಾಡು ನಮ್ಮ ಮಂಜೇಶ್ವರದ್ದು. ನಿರ್ದೇಶನ ಮಾಡಿದ ಜೆ.ಪಿ. ತೂಮಿನಾಡು, ನಟ ಪ್ರಕಾಶ್ ತೂಮಿನಾಡು, ಇಬ್ಬರ ಹೆಸರಿನಲ್ಲೂ ನಮ್ಮ ಊರು ಉಂಟು. ದೊಡ್ಡ ಸ್ಟಾರ್ ಯಾರೂ ಇಲ್ಲದ ಸಿನಿಮಾ 100 ಕೋಟಿ ದಾಟಿತು. ಪೋಸ್ಟರ್ ನೋಡಿ ಯಾರೂ ಹೋಗಲಿಲ್ಲ, ನೋಡಿದವರು ಹೇಳಿ ಹೇಳಿಯೇ ಹೋದದ್ದು.

ಬೆಂಗಳೂರಲ್ಲಿ ಬದಿಯಡ್ಕ
ರಾಜ್ ಬಿ. ಶೆಟ್ಟಿ ಇದ್ದರಲ್ಲ. ಸ್ಟಾರ್ ಇಲ್ಲ ಅನ್ನುವುದು ಹೇಗೆ? ನಿರ್ಮಾಪಕರೂ ಅವರೇ.

ನೀರ್ಚಾಲಿನ ಹುಡುಗ
ಅವರದ್ದು ಕರುಣಾಕರ ಗುರೂಜಿಯ ಪಾತ್ರ. ಹೀರೋ ಅಲ್ಲ. ಸಿನಿಮಾ ಹೊತ್ತವರು ರವಿಯಣ್ಣ ಆದ ಶನೀಲ್ ಗೌತಮ್, ಅಶೋಕ ಆದ ಜೆ.ಪಿ., ಮತ್ತೆ ಆ ಊರಿನ ಗಂಡಸರು. ಶನೀಲ್ ಬಗ್ಗೆ ಇನ್ನೊಂದು ವಿಷಯ ಗೊತ್ತುಂಟಾ? ‘ಕಾಂತಾರ ಚಾಪ್ಟರ್ 1’ಕ್ಕೆ ರಿಷಬ್ ಶೆಟ್ಟಿ ಜೊತೆ ಬರೆದವರಲ್ಲಿ ಅವರೂ ಒಬ್ಬರು. ಎರಡು ಸಿನಿಮಾವನ್ನು ಎದುರಾಬದುರು ನಿಲ್ಲಿಸಿ ಜಗಳ ಆಡುತ್ತಿದ್ದೇವೆ, ಎರಡರಲ್ಲೂ ಅದೇ ಮನುಷ್ಯ ಇದ್ದಾರೆ.

ಉಪ್ಪಳದವಳು
ಹೌದಾ! ಇದು ಗೊತ್ತಿರಲಿಲ್ಲ. ಹಾಗಾದರೆ ಕಾಂತಾರದ ಹಾಸ್ಯವನ್ನೂ ಅವರಿಗೇ ಪೂರ್ತಿ ಬಿಟ್ಟುಕೊಡಬೇಕಿತ್ತು.

ಹೊಸಂಗಡಿ ಹೈದ
‘ಸು ಫ್ರಮ್ ಸೋ’ದ ‘ಬಾವ ಬಂದರೋ’ ಪದ್ಯ ನಮ್ಮ ಕಡೆ ಮದುವೆ ಮನೆಯಲ್ಲಿ ಇನ್ನೂ ನಿಂತಿಲ್ಲ. ಪುಷ್ಪರಾಜ್ ಬೋಳಾರ್ ಬಂದ ಕೂಡಲೇ ಥಿಯೇಟರ್ ಎದ್ದು ನಿಂತಿತ್ತು.

ಚೆರ್ಕಳ ಚೇಚಿ
ನಾನು ಹುಟ್ಟಿದ್ದು ಬದಿಯಡ್ಕ ಹತ್ತಿರ, ಮದುವೆ ಆಗಿ ಬಂದದ್ದು ಚೆರ್ಕಳಕ್ಕೆ. ಮನೆಯವರಿಗೆ ಕನ್ನಡ ಅಷ್ಟು ಬರುವುದಿಲ್ಲ. ‘ಸು ಫ್ರಮ್ ಸೋ’ ಮಲಯಾಳಂಗೆ ಡಬ್ ಆಗಿ ಆಗಸ್ಟ್ 1ಕ್ಕೆ ಬಂತಲ್ಲ, ಕೇರಳದಲ್ಲಿ ಬಿಡುಗಡೆ ಮಾಡಿದ್ದು ದುಲ್ಖರ್ ಸಲ್ಮಾನ್ ಅವರ ವೇಫೇರರ್ ಫಿಲ್ಮ್ಸ್. ನಾವು ಅದನ್ನೇ ನೋಡಿದೆವು. ಅತ್ತೆ, ನಾದಿನಿ, ಮಕ್ಕಳು ಎಲ್ಲರೂ ನಕ್ಕರು. ಅತ್ತೆಗೆ ರವಿಯಣ್ಣನನ್ನು ನೋಡಿ ತಮ್ಮ ಊರಿನ ಯಾರೋ ಒಬ್ಬರು ನೆನಪಾದರು. ಊರಿಗೆ ಒಬ್ಬ ಮದುವೆ ಆಗದ ಮುಂದಾಳು ಇದ್ದೇ ಇರುತ್ತಾನೆ, ಯಾವ ಭಾಷೆಯ ಊರಾದರೂ.

ಆಮೇಲೆ ನಾನು ಒಟಿಟಿಯಲ್ಲಿ ಕನ್ನಡದಲ್ಲಿ ಒಬ್ಬಳೇ ನೋಡಿದೆ. ಎರಡೂ ಇಷ್ಟ ಆಯಿತು. ಆದರೆ ನಟರ ಸ್ವಂತ ದನಿ ಕೇಳುವಾಗ ಅವರು ಉಸಿರು ಬಿಡುವ ಜಾಗದಲ್ಲೂ ನಗು ಬರುತ್ತದೆ. ಡಬ್ಬಿಂಗಿನಲ್ಲಿ ಅದು ಸಿಗುವುದಿಲ್ಲ.

ಪೆರ್ಲದವ
ಡಬ್ಬಿಂಗ್ ಬೇಡವೇ ಬೇಡ ಅನ್ನುವವನು ನಾನು. ಸಬ್‌ಟೈಟಲ್ ಹಾಕಲಿ. ಗಡಿಯಲ್ಲಿ ಇರುವ ನಮಗೆ ಎರಡೂ ಭಾಷೆ ಬರುತ್ತದೆ. ಕನ್ನಡ ಸಿನಿಮಾ ಕನ್ನಡದಲ್ಲೇ ಹಾಕಿದರೆ ಕಾಸರಗೋಡಿನಲ್ಲಿ ಜನ ಬರುತ್ತಾರೆ ಅಂತ ಥಿಯೇಟರಿನವರಿಗೆ ತೋರಿಸುವುದು ನಮ್ಮ ಕೆಲಸ. ನಾವೇ ಡಬ್ ನೋಡಿದರೆ ಅವರು ಕನ್ನಡದ್ದು ಯಾಕೆ ಹಾಕುತ್ತಾರೆ?

ಚೆರ್ಕಳ ಚೇಚಿ
ಅಣ್ಣ, ನನ್ನ ಅತ್ತೆ ಡಬ್ ಆದ ಕಾರಣವೇ ಜೀವನದಲ್ಲಿ ಮೊದಲ ಸಲ ಒಂದು ಕನ್ನಡ ಸಿನಿಮಾ ಪೂರ್ತಿ ನೋಡಿದ್ದು. ಅದನ್ನು ನಾನು ಸಣ್ಣದು ಅನ್ನುವುದಿಲ್ಲ.

ಬೆಂಗಳೂರಲ್ಲಿ ಬದಿಯಡ್ಕ
ಚೇಚಿ ಹೇಳಿದ್ದು ನೂರಕ್ಕೆ ನೂರು ಸರಿ.

ಕುಂಬ್ಳೆ ಕಡಲು
ಕನ್ನಡದಲ್ಲಿ ನೋಡಬೇಕು ಅಂದರೆ ನಾವು ಸಾಮಾನ್ಯ ಮಂಗಳೂರಿಗೆ ಹೋಗುವುದು. ಬಿಜೈ ಭಾರತ್ ಮಾಲ್, ಇಲ್ಲದಿದ್ದರೆ ಪಾಂಡೇಶ್ವರದ ಮಾಲ್. ಕಾರು ಇದ್ದವರಿಗೆ ಸುಲಭ. ತಲಪಾಡಿಯಿಂದ ಚೆಂಗಳ ತನಕ ಹೆದ್ದಾರಿ ಆರು ಸಾಲು ಆದ ಮೇಲೆ ಇನ್ನೂ ಬೇಗ. ಬಸ್ಸಿನವರ ಕಷ್ಟ ಕೇಳಬೇಡಿ. ರಾತ್ರಿ ಶೋ ಬಿಟ್ಟ ಮೇಲೆ ತಲಪಾಡಿ ದಾಟಿ ಈಚೆ ಬರುವುದೇ ದೊಡ್ಡ ಕೆಲಸ. ಟಿಕೆಟ್, ಬಸ್ಸು, ನಡುವೆ ಒಂದು ಚಹಾ, ಮತ್ತೆ ಕೊನೆಗೆ ಆಟೋ. ಇಷ್ಟೆಲ್ಲ ಖರ್ಚು ಮಾಡಿ ಹೋಗುವವನಿಗೆ ಸಿನಿಮಾ ಹೀಗೆ ಹಾಗೆ ಇದ್ದರೆ ಸಿಟ್ಟು ಬರುವುದು ಸಹಜ.

ಹೊಸಂಗಡಿ ಹೈದ
ಕರ್ನಾಟಕದಲ್ಲಿ ಟಿಕೆಟ್ 200 ರೂಪಾಯಿ ದಾಟಬಾರದು ಅಂತ ಸರ್ಕಾರ ಮಾಡಿತ್ತಲ್ಲ? ಕಾಂತಾರಕ್ಕೆ ನಾನು ಅದಕ್ಕಿಂತ ತುಂಬಾ ಜಾಸ್ತಿ ಕೊಟ್ಟೆ.

ಬೆಂಗಳೂರಲ್ಲಿ ಬದಿಯಡ್ಕ
2025ರ ಸೆಪ್ಟೆಂಬರಿನಲ್ಲಿ ಆದೇಶ ಬಂತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಕಾಂತಾರ ಬರುವಾಗ ಮಿತಿ ಇರಲಿಲ್ಲ. ಹಾಗಾಗಿ ಮಲ್ಟಿಪ್ಲೆಕ್ಸಿನವರು ಅವರಿಗೆ ಬೇಕಾದ ದರ ಇಟ್ಟರು.

ನೀರ್ಚಾಲಿನ ಹುಡುಗ
‘ಲೋಕಃ’ ಬಗ್ಗೆ ಯಾರೂ ಹೇಳಲಿಲ್ಲ. ನನಗೆ ಮೂರರಲ್ಲಿ ಅದೇ ಮೊದಲು. ಕಳ್ಳಿಯಂಕಾಟ್ ನೀಲಿ ಅಂದರೆ ಕೇರಳದ ಹಳೆಯ ಯಕ್ಷಿ ಕಥೆ. ಅದನ್ನು ಈಗಿನ ಬೆಂಗಳೂರಿಗೆ ತಂದು, ಕಲ್ಯಾಣಿ ಪ್ರಿಯದರ್ಶನ್ ಕೈಯಲ್ಲಿ ಸೂಪರ್‌ಹೀರೋ ಮಾಡಿದ್ದಾರೆ. ಹೀರೋಯಿನ್ ಹೆಸರಿನಲ್ಲಿ ಸಿನಿಮಾ ಓಡುವುದಿಲ್ಲ ಅನ್ನುತ್ತಿದ್ದವರ ಎದುರೇ ಮಲಯಾಳಂನ ಹಳೆಯ ದಾಖಲೆಗಳೆಲ್ಲ ಹೋದವು. ನಿರ್ದೇಶಕ ಡೊಮಿನಿಕ್ ಅರುಣ್ ಕಥೆ ಹೇಳುವಾಗ ಎಲ್ಲೂ ಉಪದೇಶ ಮಾಡುವುದಿಲ್ಲ. ಹಳೆಯ ಕಾಲದ ನೀಲಿಯ ಭಾಗ ಬರುತ್ತದಲ್ಲ, ಸಣ್ಣ ಹುಡುಗಿಯದ್ದು, ಅದು ಎರಡನೇ ಸಲವೂ ನನ್ನ ಕಣ್ಣು ಒದ್ದೆ ಮಾಡಿತು.

ಪೆರ್ಲದವ
ಬೆಂಗಳೂರಿನ ಹುಡುಗಿಯರ ಬಗ್ಗೆ ಕೆಟ್ಟದಾಗಿ ಮಾತಾಡಿದ ಸಿನಿಮಾ ಅದು. ನಾನು ನೋಡಲಿಲ್ಲ, ನೋಡುವುದೂ ಇಲ್ಲ.

ನೀರ್ಚಾಲಿನ ಹುಡುಗ
ಆ ಮಾತು ಹೇಳುವುದು ಖಳನಾಯಕ. ಆದರೂ ಕನ್ನಡದವರು ಬೇಸರ ಮಾಡಿದ ಮೇಲೆ ನಿರ್ಮಾಣ ಸಂಸ್ಥೆ ಕ್ಷಮೆ ಕೇಳಿ, ಆ ಸಾಲು ತೆಗೆಯುತ್ತೇವೆ ಅಂತ ಹೇಳಿತು. ಕೇಳಬೇಕಾದದ್ದೇ, ಕೇಳಿದರು. ಇನ್ನೂ ಎಂತ ಬೇಕು ಅಣ್ಣ?

ಪೆರ್ಲದವ
ಬರೆಯುವಾಗಲೇ ಯೋಚನೆ ಬರಬೇಕಿತ್ತು. ನಮ್ಮ ಊರಿನ ಎಷ್ಟು ಹುಡುಗಿಯರು ಅಲ್ಲಿ ನರ್ಸಿಂಗ್ ಓದುತ್ತಾರೆ, ಕೆಲಸ ಮಾಡುತ್ತಾರೆ. ಅವರ ಅಪ್ಪ ಅಮ್ಮ ಇಲ್ಲಿ ಕೂತು ಅಂಥ ಮಾತು ಕೇಳಬೇಕಾ?

ಬೆಂಗಳೂರಲ್ಲಿ ಬದಿಯಡ್ಕ
ನನ್ನ ತಂಗಿ ಇಲ್ಲಿಯೇ ಕೆಲಸದಲ್ಲಿ ಇದ್ದಾಳೆ. ಅವಳಿಗೂ ಆ ಸಾಲು ಹಿಡಿಸಲಿಲ್ಲ, ಸಿನಿಮಾ ತುಂಬಾ ಹಿಡಿಸಿತು. ರಾತ್ರಿ ಪಾಳಿ ಮುಗಿಸಿ ಒಬ್ಬಳೇ ಬರುವವಳಿಗೆ ಪರದೆಯಲ್ಲಿ ಒಬ್ಬಳು ಧೈರ್ಯವಾಗಿ ನಡೆಯುವುದನ್ನು ನೋಡುವ ಖುಷಿಯೇ ಬೇರೆ ಅಂದಳು.

ಪೈವಳಿಕೆ ಮೇಷ್ಟ್ರು
ಈಗಿನ ಸಿನಿಮಾಗಳ ಮಧ್ಯೆ ಒಂದು ಹಳೆಯದರ ಹೆಸರು ಹೇಳುತ್ತೇನೆ. 2018ರಲ್ಲಿ ಬಂದ ‘ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’. ಎರಡನೇ ಸಲ ಅಲ್ಲ, ಪ್ರತಿ ವರ್ಷ ನಮ್ಮ ಶಾಲೆಯ ಹೊಸ ಮಕ್ಕಳಿಗೆ ತೋರಿಸುತ್ತೇನೆ. ಕನ್ನಡ ಬಾರದ ಮೇಷ್ಟ್ರು ಕನ್ನಡ ಶಾಲೆಗೆ ಬಂದು ಗಣಿತ ಮಾಡುವ ದೃಶ್ಯಕ್ಕೆ ಬೇರೆ ಊರಿನವರು ಬರೀ ನಗುತ್ತಾರೆ. ನಮ್ಮ ಮಕ್ಕಳು ನಗುತ್ತಾರೆ, ಆಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅವರಿಗೆ ಅದು ಕಥೆ ಅಲ್ಲ. ನಾನು ಕಂಡ ಒಂದು ಶಾಲೆಯಲ್ಲಿ ಎಂಟನೇ ತರಗತಿಯ ಮಕ್ಕಳು ತಿಂಗಳುಗಟ್ಟಲೆ ಬೋರ್ಡು ನೋಡಿ ಬರೆದುಕೊಂಡದ್ದು ಮಾತ್ರ, ಪಾಠ ಒಂದೂ ತಲೆಗೆ ಹೋಗಿರಲಿಲ್ಲ. ಆ ಸಿನಿಮಾಕ್ಕೆ ಮಕ್ಕಳ ಸಿನಿಮಾ ವಿಭಾಗದಲ್ಲಿ ರಾಷ್ಟ್ರಪ್ರಶಸ್ತಿ ಬಂತು. ಅದಕ್ಕಿಂತ ದೊಡ್ಡದು, ಗಡಿನಾಡಿನ ಕನ್ನಡ ಶಾಲೆ ಅಂತ ಒಂದು ಇದೆ ಅಂತ ಬೆಂಗಳೂರು, ಮೈಸೂರಿನವರಿಗೆ ಗೊತ್ತಾಯಿತು.

ಹೊಸಂಗಡಿ ಹೈದ
ಆ ಶಾಲೆ ಕಾಸರಗೋಡಿನಲ್ಲಿ ಎಲ್ಲಿ ಬರುತ್ತದೆ ಮೇಷ್ಟ್ರೆ? ನೋಡಿ ಬರಬೇಕು ಅಂತ ಉಂಟು.

ಪೈವಳಿಕೆ ಮೇಷ್ಟ್ರು
ಸಿನಿಮಾದ ಶಾಲೆ ಇರುವುದು ದಕ್ಷಿಣ ಕನ್ನಡದ ಕೈರಂಗಳದಲ್ಲಿ. ನೋಡಲು ಹೋಗಿ, ಖಂಡಿತ. ಆದರೆ ಮಂಜೇಶ್ವರ, ಕಾಸರಗೋಡು ತಾಲೂಕಿನಲ್ಲಿ ನಿಜವಾದವೇ ಬೇಕಾದಷ್ಟು ಉಂಟು. ಅವಕ್ಕೂ ಒಮ್ಮೆ ಬನ್ನಿ, ಮಕ್ಕಳ ಜೊತೆ ಕೂತು ಮಾತಾಡಿ.

ಕುಂಬ್ಳೆ ಕಡಲು
ಆ ಸಿನಿಮಾದ ಭುಜಂಗನೇ ಮೊದಲ ಕಾಂತಾರದ ರಾಂಪ, ಅವರೇ ಪ್ರಕಾಶ್ ತೂಮಿನಾಡು. ಅವರು ಬಂದರೆ ಸಾಕು ನನಗೆ ಟಿಕೆಟ್ ದುಡ್ಡು ವಸೂಲಿ.

ಚೆರ್ಕಳ ಚೇಚಿ
ನೀವೆಲ್ಲ ಒಂದು ಸಿನಿಮಾ ಬಿಟ್ಟಿರಿ. ‘ಅವಿಹಿತಂ’. ಅಕ್ಟೋಬರಿನಲ್ಲಿ, ಕಾಂತಾರದ ಗದ್ದಲದ ಮಧ್ಯೆ ಬಂತು. ನಮ್ಮ ಜಿಲ್ಲೆಯದ್ದೇ, ಕಾಞಂಗಾಡ್ ಕಡೆಯದ್ದು. ಮಾಡಿದ್ದು ಸೆನ್ನ ಹೆಗ್ಡೆ, ‘ತಿಂಗಳಾಳ್ಚ ನಿಶ್ಚಯಂ’ ಮಾಡಿದವರು. ಅವರು ಮೊದಲು ಕನ್ನಡದಲ್ಲೂ ‘ಕಥೆಯೊಂದು ಶುರುವಾಗಿದೆ’ ಮಾಡಿದ್ದರು. ರಾತ್ರಿ ಕತ್ತಲೆಯಲ್ಲಿ ಒಬ್ಬನಿಗೆ ಏನೋ ಕಾಣುತ್ತದೆ. ಮಾರನೇ ದಿನ ಊರಿನ ಗಂಡಸರೆಲ್ಲ ಸೇರಿ ಅದನ್ನು ದೊಡ್ಡದು ಮಾಡುತ್ತಾರೆ. ಯಾವ ಹೆಂಗಸು, ಯಾರ ಮನೆಯವಳು ಅಂತ ಪತ್ತೆ ಮಾಡುವುದೇ ಅವರ ಕೆಲಸ ಆಗುತ್ತದೆ.

ಈಗ ‘ಸು ಫ್ರಮ್ ಸೋ’ ನೆನಪು ಮಾಡಿ. ಅಲ್ಲೂ ಶುರು ಆಗುವುದು ಅಶೋಕ ರಾತ್ರಿ ಇಣುಕಿ ನೋಡಿ ಸಿಕ್ಕಿಬೀಳುವುದರಿಂದ. ಮರ್ಯಾದೆ ಉಳಿಸಿಕೊಳ್ಳಲು ಮೈಮೇಲೆ ಸೋಮೇಶ್ವರದ ಸುಲೋಚನಾಳ ದೆವ್ವ ಬಂತು ಅಂತ ನಾಟಕ ಮಾಡುತ್ತಾನೆ. ಊರಿಗೆ ಊರೇ ಅದರ ಹಿಂದೆ ಹೋಗುತ್ತದೆ. ಜಿಲ್ಲೆಯ ಒಂದು ತುದಿಯಿಂದ ಒಂದು, ಇನ್ನೊಂದು ಕಡೆಯಿಂದ ಒಂದು, ಎರಡರಲ್ಲೂ ಕೆಲಸ ಇಲ್ಲದ ಗಂಡಸರ ಗುಂಪು. ವ್ಯತ್ಯಾಸ ಎಂತ ಅಂದರೆ, ‘ಅವಿಹಿತಂ’ ಆ ಗಂಡಸರನ್ನು ಕೊನೆಗೆ ಬಿಡುವುದಿಲ್ಲ. ‘ಸು ಫ್ರಮ್ ಸೋ’ ಅವರನ್ನು ಪ್ರೀತಿಯಿಂದ ಕ್ಷಮಿಸಿಬಿಡುತ್ತದೆ. ಇಣುಕಿ ನೋಡಿದ್ದಕ್ಕೆ ಅಶೋಕನಿಗೆ ಯಾರೂ ಒಂದು ಮಾತು ಕೇಳುವುದಿಲ್ಲ. ಮೊದಲ ಸಲ ನಾನು ನಕ್ಕೆ. ಎರಡನೇ ಸಲ ಅಲ್ಲಿಗೆ ಬಂದಾಗ ನನಗೆ ನಗು ಬರಲಿಲ್ಲ.

ನೀರ್ಚಾಲಿನ ಹುಡುಗ
ಚೇಚಿ, ಅದಕ್ಕೇ ಅಲ್ವಾ ಸುಲೋಚನಾಳ ಮಗಳು ಭಾನುವಿನ ಕಥೆ ಇಟ್ಟದ್ದು? ಸುಳ್ಳು ದೆವ್ವದಿಂದ ಶುರು ಆಗಿ, ಕೊನೆಗೆ ನಿಜವಾದ ಒಬ್ಬಳು ಹೆಂಗಸಿನ ಕಷ್ಟದ ಎದುರು ಅವನನ್ನು ನಿಲ್ಲಿಸುತ್ತಾರೆ. ಅಶೋಕ ಅಲ್ಲಿ ಬದಲಾಗುತ್ತಾನೆ. ರವಿಯಣ್ಣನೂ ಬದಲಾಗುತ್ತಾನೆ. ಎಲ್ಲದಕ್ಕೂ ಬಾಯಲ್ಲೇ ತಪ್ಪೊಪ್ಪಿಗೆ ಬೇಕಾ?

ಚೆರ್ಕಳ ಚೇಚಿ
ಬದಲಾಗುತ್ತಾನೆ, ಒಪ್ಪಿದೆ. ಆದರೆ ಭಾನುವಿನ ಕಷ್ಟ ನಮಗೆ ಗೊತ್ತಾಗುವುದು ಅವರಿಗೆ ಗೊತ್ತಾದ ಮೇಲೆ. ಸಂಧ್ಯಾ ಅರಕೆರೆ ಅಷ್ಟು ಚೆನ್ನಾಗಿ ಮಾಡಿದ್ದಾರೆ, ಸುಮ್ಮನೆ ನಿಂತು ನೋಡುವುದರಲ್ಲೇ ಎಷ್ಟೋ ಹೇಳುತ್ತಾರೆ. ಅವಳು ಬರುವ ತನಕ ಆ ಊರಿನಲ್ಲಿ ಬಾಯಿಬಿಟ್ಟು ಮಾತಾಡುವ ಒಬ್ಬಳು ಹೆಂಗಸಿನ ಹೆಸರು ಹೇಳು ನೋಡೋಣ. ನಮ್ಮ ಊರುಗಳಲ್ಲಿ ಹೆಂಗಸರು ಹಾಗೆ ಹಿಂದೆ ನಿಂತು ಸುಮ್ಮನೆ ಇರುತ್ತಾರಾ? ಬೀಡಿ ಕಟ್ಟುವ ನಮ್ಮ ಅಮ್ಮನವರ ಗುಂಪಿನಲ್ಲಿ ಕೂತಿದ್ದರೆ ಅಶೋಕನ ನಾಟಕ ಅರ್ಧ ದಿನ ನಡೆಯುತ್ತಿರಲಿಲ್ಲ.

ಕುಂಬ್ಳೆ ಕಡಲು
ಇದು ಸರಿಯಾದ ಮಾತು. ನಮ್ಮ ಅಜ್ಜಿ ಆಗಿದ್ದರೆ ನಾಟಕ ಶುರುವಾದ ರಾತ್ರಿಯೇ ಹಿಡಿಸೂಡಿ ತೆಗೆಯುತ್ತಿದ್ದರು.

ಉಪ್ಪಳದವಳು
ಚೇಚಿ, ಜನರನ್ನು ಸರಿಯಾಗಿ ನೋಡಿ ಬರೆದದ್ದು ಅಂತ ನಾನು ಹೇಳಿದ್ದೆ. ಗಂಡಸರ ಮಟ್ಟಿಗೆ ಆ ಮಾತಿಗೆ ಈಗಲೂ ನಿಲ್ಲುತ್ತೇನೆ. ಅಷ್ಟು ಜನ ಗಂಡಸರನ್ನು, ಒಬ್ಬನ ಹಾಗೆ ಇನ್ನೊಬ್ಬ ಇಲ್ಲದ ರೀತಿ ಬರೆಯುವುದು ಸುಲಭ ಅಲ್ಲ. ಹೆಂಗಸರ ವಿಷಯದಲ್ಲಿ ನೀವು ಹೇಳಿದ್ದು ಹೌದು. ಇವತ್ತು ರಾತ್ರಿ ಮನೆಯಲ್ಲಿ ಇದನ್ನೇ ಕೇಳುತ್ತೇನೆ, ನಮ್ಮ ಯಜಮಾನರು ಎಂತ ಹೇಳುತ್ತಾರೆ ನೋಡಬೇಕು. ‘ಅವಿಹಿತಂ’ ಒಟಿಟಿಯಲ್ಲಿ ಉಂಟಾ?

ಚೆರ್ಕಳ ಚೇಚಿ
ಉಂಟು. ಮಕ್ಕಳು ಮಲಗಿದ ಮೇಲೆ ನೋಡಿ. ಯಜಮಾನರನ್ನೂ ಕೂರಿಸಿ, ಮಧ್ಯದಲ್ಲಿ ಎದ್ದು ಹೋಗಲು ಬಿಡಬೇಡಿ.

ನೀರ್ಚಾಲಿನ ಹುಡುಗ
ನಾನೂ ನೋಡುತ್ತೇನೆ. ಆದರೆ ಅಶೋಕನನ್ನು ಸಿನಿಮಾ ಸುಮ್ಮನೆ ಬಿಟ್ಟಿತು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಸೋಮೇಶ್ವರದ ಭಾಗ ಇನ್ನೊಮ್ಮೆ ನೋಡಿ ಚೇಚಿ, ಅವನ ಮುಖ ನೋಡಿ.

ಚೆರ್ಕಳ ಚೇಚಿ
ನೋಡುತ್ತೇನೆ ತಮ್ಮಾ. ಭಾನುವಿಗೆ ಇನ್ನೂ ಹತ್ತು ನಿಮಿಷ ಕೊಡಬೇಕಿತ್ತು ಅನ್ನುವುದರಲ್ಲಿ ಮಾತ್ರ ನಾನು ಬಗ್ಗುವುದಿಲ್ಲ.